ಗಾಳಿಗೆ ಆರದ ಲೈಟರು

ಸಂಪತ್ ಕುಮಾರನ ವರ್ಗದ ಅರ್ಜಿಗೆ ಸಹಿ ಬೀಳದೆ ಹೋದದ್ದು ಗಾಳಿಯ ದೆಸೆಯಿಂದ. ಹೋದ ತಿಂಗಳು ಮಂಡ್ಯದಿಂದ ಎಂಜಿನಿಯರ್ ಸಾಹೇಬರು ಮಳವಳ್ಳಿ ಕಡೆಗೆ ನಾಲೆ ತನಿಖೆಗೆ ಬಂದಿದ್ದರು. ಇಂಗ್ಲೆಂಡಿನಲ್ಲಿ ಓದಿ ಬಂದವರು. ಅಲ್ಲಿ ಕಲಿತ ವಿದ್ಯೆಗಳಲ್ಲಿ ಪೈಪು ಸೇದುವುದೂ ಒಂದು. ನಾಲೆಯ ಏರಿಯ ಮೇಲೆ ನಿಂತು, ಅರ್ಜಿಯನ್ನು ಕಂಕುಳಲ್ಲಿ ಇರುಕಿಕೊಂಡು, ಪೈಪಿಗೆ ಕಡ್ಡಿ ಗೀಚಿದರು. ಆರಿತು. ಇನ್ನೊಂದು ಗೀಚಿದರು. ಅದೂ ಆರಿತು. ಯುದ್ಧ ಶುರುವಾದ ಮೇಲೆ ಬೆಂಕಿಪೊಟ್ಟಣ ಸಿಗುವುದೇ ದುರ್ಲಭ. ಸಿಕ್ಕಿದ್ದರಲ್ಲೂ ಅರ್ಧ ಕಡ್ಡಿಗಳಿಗೆ ಮದ್ದೇ ಇರುತ್ತಿರಲಿಲ್ಲ. ಪೊಟ್ಟಣ ಖಾಲಿಯಾಯಿತು. ಪೈಪು ಹೊತ್ತಲಿಲ್ಲ, ಸಾಹೇಬರೇ ಹೊತ್ತಿಕೊಂಡರು. "ವರ್ಗ ಗಿರ್ಗ ಎಲ್ಲ ಆಮೇಲೆ" ಎಂದು ಅರ್ಜಿಯನ್ನು ಹಿಂದಕ್ಕೆ ಎಸೆದು ಕಾರು ಹತ್ತಿದರು.

ಸಂಪತ್ ಕುಮಾರ ಮಳವಳ್ಳಿಯ ನಾಲೆ ಕಚೇರಿಯ ಗುಮಾಸ್ತ. ಪಾಪ, ಅವನದು ಅಂಥ ದೊಡ್ಡ ಆಸೆಯೇನೂ ಅಲ್ಲ. ಮಂಡ್ಯಕ್ಕೆ ವರ್ಗವಾಗಬೇಕು, ಅಷ್ಟೆ. ಬಾಣಂತನಕ್ಕೆಂದು ಮಂಡ್ಯದ ತವರಿಗೆ ಹೋದ ಹೆಂಡತಿ ಕನಕಲಕ್ಷ್ಮಿ, ಮಗು ಅಂಬೆಗಾಲಿಡುತ್ತಿದ್ದರೂ ಹಿಂದಿರುಗಿರಲಿಲ್ಲ. ತಪ್ಪು ಅವಳದಲ್ಲ. "ನಿನ್ನ ಒಂಟಿ ಕೋಣೆಗೆ ಹಸುಗೂಸನ್ನು ಕಳಿಸೋದಿಲ್ಲ. ಮಂಡ್ಯಕ್ಕೆ ವರ್ಗ ಮಾಡಿಸಿಕೊಂಡು ಬಾ, ನಮ್ಮ ಮನೆ ಹಿಂಭಾಗ ಖಾಲಿ ಇದೆ, ಸಂಸಾರ ಹೂಡು" ಎಂದು ಮಾವ ಚಲುವನಾರಾಯಣಾಚಾರ್ಯರು ಹೇಳಿಬಿಟ್ಟಿದ್ದರು. ಮಗು ಅಪ್ಪನ ಮುಖ ಕಂಡರೆ ಅಳುತ್ತಿತ್ತು. ಅದು ನೆನಪಾದಾಗಲೆಲ್ಲ ಇವನಿಗೂ ಅಳು ಬರುತ್ತಿತ್ತು.

ಆಚಾರ್ಯರು ಮಂಡ್ಯದ ಅರ್ಧ ಮನೆಗಳಿಗೆ ಪುರೋಹಿತರು, ಸಂಜೆ ಹೊತ್ತು ಪುರಾಣ ಹೇಳುವವರು. ಮದುವೆಗೆ ಮೊದಲು ಅವರು ಹುಡುಗನ ಸಂಬಳ ಕೇಳಿರಲಿಲ್ಲ; ಹತ್ತಿರ ಕರೆದು ಬಾಯಿ ಮೂಸಿ ನೋಡಿದ್ದರು. ಅದಕ್ಕೆ ಮೊದಲು ಬಂದಿದ್ದ ವರನೊಬ್ಬ ನಶ್ಯ ಏರಿಸುತ್ತಾನೆಂದು ಅವನನ್ನು ಜಗಲಿಯಿಂದಲೇ ವಾಪಸು ಕಳಿಸಿದವರು. ಹೊಗೆಸೊಪ್ಪಿನ ಹೆಸರು ಕಿವಿಗೆ ಬಿದ್ದರೆ ಎದ್ದು ಹೋಗಿ ಸ್ನಾನ ಮಾಡಿ ಬರುವಂಥ ಮನುಷ್ಯ.

ಈ ಹೊತ್ತು ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಹೆಡ್ ಗುಮಾಸ್ತ ಮಹದೇವಯ್ಯ ಸುದ್ದಿ ತಂದರು. ಸಾಹೇಬರು ಮಧ್ಯಾಹ್ನ ಚಿಕ್ಕರಸಿನಕೆರೆಯ ಕೆರೆ ನೋಡಲು ಬರುತ್ತಾರೆ. ಇವತ್ತು ಸಹಿಯಾಗದಿದ್ದರೆ ವರ್ಗದ ಮಾತು ಮುಂದಿನ ವರ್ಷಕ್ಕೆ.

"ನೋಡಪ್ಪ ಸಂಪತ್ತು, ಆ ಮನುಷ್ಯನ ಸಹಿ ಇರೋದು ಪೆನ್ನಲ್ಲಲ್ಲ, ಪೈಪಲ್ಲಿ" ಎಂದರು ಮಹದೇವಯ್ಯ. "ಗಾಳೀಲಿ ಆರದೇ ಇರೋ ಒಂದು ಲೈಟರು ಸಂಪಾದಿಸ್ಕೊಂಡು ಹೋಗು. ನಡಿ, ನಾನೂ ಬರ್ತೀನಿ. ಪೈಪಿನ ವಿಷಯ ನಿನಗೇನು ಗೊತ್ತು?"

"ನೀವು ಸೇದ್ತೀರಾ ಸಾರ್?"

"ನಮ್ಮಜ್ಜ ಚುಂಗಾಣಿ ಸೇದೋರು. ಎರಡೂ ಒಂದೇ."

ಪೇಟೆಯಲ್ಲಿ ಜಲಾಲ್ ಸಾಬಿಯದು ಸೈಕಲ್ ರಿಪೇರಿ ಅಂಗಡಿ. ಸಂಪತ್ ಕುಮಾರ ಬೆವರೊರೆಸಿಕೊಳ್ಳುತ್ತ ಬೇಕಾದದ್ದು ಹೇಳಿದ. ಜಲಾಲ್ ಡಬ್ಬದೊಳಗೆ ಕೈ ಹಾಕಿ ಮೊದಲು ಫಳಫಳ ಹೊಳೆಯುವುದೊಂದನ್ನು ತೆಗೆದ.

"ರಜಾದ ಮೇಲೆ ಬಂದ ಸಿಪಾಯಿ ಕೊಟ್ಟಿದ್ದು ಸಾಮಿ. ದೊಡ್ಡೋರ ಕೈಯಾಗೆ ಇರೋ ಮಾಲು ಇದು."

ಒಂದೇ ಏಟಿಗೆ ಹತ್ತಿತು. ಮಹದೇವಯ್ಯ ತಮ್ಮ ರುಮಾಲು ಬಿಚ್ಚಿ ಒಂದು ಸಲ ಬೀಸಿದರು. ಆರಿತು.

"ಕೆರೆ ಏರಿ ಮೇಲೆ ಇದಕ್ಕಿಂತ ಗಾಳಿ ಇರುತ್ತೆ. ಬೇರೆ ತೆಗಿ" ಎಂದರು.

ಎರಡನೆಯದು ತುಪಾಕಿ ತೋಟಾದ ಚಿಪ್ಪಿನಿಂದ ಮಾಡಿದ್ದು. ಹೊತ್ತಿದ್ದೇ ತಡ, ಬೆಂಕಿ ನೆಟ್ಟಗೆ ಮೇಲೆದ್ದು, ಬಗ್ಗಿ ನೋಡುತ್ತಿದ್ದ ಸಂಪತ್ ಕುಮಾರನ ಎಡಗಡೆಯ ಹುಬ್ಬನ್ನು ನೆಕ್ಕಿಕೊಂಡು ಹೋಯಿತು. ಕೂದಲು ಸುಟ್ಟ ವಾಸನೆ ಅಂಗಡಿ ತುಂಬಿತು.

"ಇದು ಬೀಡಿಗೆ ಸರಿ. ಪೈಪಿನ ಬಾಯಿ ಆಕಾಶ ನೋಡ್ತಿರುತ್ತೆ, ಬೆಂಕಿ ಅದರೊಳಕ್ಕೆ ಇಳೀಬೇಕು. ಇದು ಮೇಲಕ್ಕೆ ಹೋದರೆ ಸುಡೋದು ಸಾಹೇಬರ ಮೂಗು" ಎಂದು ಮಹದೇವಯ್ಯ ತೀರ್ಪು ಕೊಟ್ಟರು. ಸುಟ್ಟ ಹುಬ್ಬಿನ ವಿಚಾರ ಯಾರೂ ಎತ್ತಲಿಲ್ಲ.

ಜಲಾಲನಿಗೆ ರೋಷ ಬಂತು. ಒಳಗೆ ಹೋಗಿ ತಾನೇ ಕೈಯಾರೆ ಮಾಡಿದ ಒಂದು ತಗಡಿನ ದಡೂತಿ ವಸ್ತುವನ್ನು ತಂದಿಟ್ಟ. ಕುಂಕುಮದ ಭರಣಿಯಷ್ಟು ದಪ್ಪ. ಮೇಲೊಂದು ಬಿಡಿ ಮುಚ್ಚಳ, ಪಕ್ಕದಲ್ಲೊಂದು ತೂತು. ಗಾಲಿಯನ್ನು ಎಷ್ಟೋ ಸಲ ತಿರುವಿದ ಮೇಲೆ ಬೆಂಕಿ ಬಂತು. ಬಂದದ್ದು ತೂತಿನಿಂದ ಅಡ್ಡಡ್ಡಲಾಗಿ ಹೊರಬಂದು ಕೆಳಕ್ಕೆ ಬಾಗಿತು. ರುಮಾಲು ಬೀಸಿದರು, ಆರಲಿಲ್ಲ. ಜಲಾಲ್ ಸೈಕಲ್ ಪಂಪಿನಿಂದ ಗಾಳಿ ಹೊಡೆದ, ಆಗಲೂ ಆರಲಿಲ್ಲ.

"ಹತ್ತೋವರೆಗೆ ಸ್ವಲ್ಪ ತಕರಾರು ಮಾಡ್ತದೆ ಸಾಮಿ" ಎಂದ ಜಲಾಲ್. "ಹತ್ತಿದ ಮೇಲೆ ಯಾರಪ್ಪ ಬಂದ್ರೂ ಆರಾಕಿಲ್ಲ."

"ಆರಿಸೋದು ಹೇಗೆ?"

"ಮುಚ್ಚಳ ಹಾಕಿ. ಮುಚ್ಚಳ ಮಾತ್ರ ಹುಷಾರು."

ಸಂಪತ್ ಕುಮಾರ ಅದನ್ನು ಕೊಂಡು, ಅರ್ಜಿಯ ಜೊತೆ ಒಳಜೇಬಿಗೆ ಸೇರಿಸಿ, ಮದ್ದೂರಿನ ಬಸ್ಸು ಹತ್ತಿದ. ಪೆಟ್ರೋಲೆಲ್ಲ ದಂಡಿನ ಪಾಲಾಗಿದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಅದು ಕೆಮ್ಮುತ್ತ, ನಿಲ್ಲುತ್ತ, ಮತ್ತೆ ಮನಸ್ಸು ಮಾಡಿ ಹೊರಡುತ್ತ ಸಾಗಿತು. ಇವನಿಗೆ ಒಂದೇ ಯೋಚನೆ. ಆ ಲೈಟರು ಸಮಯಕ್ಕೆ ಹತ್ತದಿದ್ದರೆ? ಒಂದು ಸಲ ನೋಡಿಬಿಡೋಣ ಎಂದು ಜೇಬಿನಿಂದ ತೆಗೆದು ಗಾಲಿ ತಿರುವಿದ. ಕೆಟ್ಟದ್ದು ಅಲ್ಲೇ.

ಪಕ್ಕದಲ್ಲಿ ಕೂತಿದ್ದ ಕೊಪ್ಪದ ಚಿಕ್ಕಣ್ಣ, ಕಬ್ಬಿನ ಗಾಡಿ ಹೊಡೆಯುವವನು, ಬಾಯಿಗೆ ಬೀಡಿ ಇಟ್ಟುಕೊಂಡು ಬಗ್ಗಿಯೇಬಿಟ್ಟ. "ಅಂಗೇ ಹಿಡ್ಕಳಿ ಸಾಮಿ. ಬೆಳಗಿಂದ ಕಡ್ಡಿ ಸಿಕ್ಕಿಲ್ಲ, ಬಾಯಿ ಕಟ್ಟೋಗದೆ."

ಬೇಡ ಎನ್ನುವ ಅಭ್ಯಾಸ ಸಂಪತ್ ಕುಮಾರನಿಗೆ ಹುಟ್ಟಿನಿಂದಲೇ ಇರಲಿಲ್ಲ. ಚಿಕ್ಕಣ್ಣನ ಬೀಡಿ ಹೊತ್ತಿತು. ಹಿಂದಿನ ಸೀಟಿನಿಂದ "ನಂಗೂ ವಸಿ ಕೊಡಿ" ಎಂದು ಒಂದು ಕೈ ಬಂತು. ಆಮೇಲೆ ಮುಂದಿನಿಂದ ಬಂತು. ಲೈಟರು ಕೈಯಿಂದ ಕೈಗೆ ಬಸ್ಸೆಲ್ಲ ಸುತ್ತಿತು.

"ಪೆಟ್ರೋಲು ಮುಗಿದು ಹೋಗುತ್ತೆ, ಕೊಟ್ಟುಬಿಡ್ರಪ್ಪ" ಎಂದು ಇವನು ಅಂಗಲಾಚಿದ.

"ಬತ್ತದೆ ಬುಡಿ ಸಾಮಿ, ಎಲ್ಲೂ ಓಗಾಕಿಲ್ಲ" ಎಂದು ಚಿಕ್ಕಣ್ಣ ಸಮಾಧಾನ ಹೇಳಿದ. "ಪುಣ್ಯಾತ್ಮರು ಕಣ್ರಲಾ ಇವರು. ಬೆಂಕಿ ಸಾಮಿ."

ಚಿಕ್ಕರಸಿನಕೆರೆಯ ಕೈಕಂಬ ಬರುವ ಹೊತ್ತಿಗೆ ಬಸ್ಸಿನೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಇಳಿದ ಸಂಪತ್ ಕುಮಾರನ ಕೋಟು, ಟೋಪಿ, ತಲೆಗೂದಲು ಎಲ್ಲ ಬೀಡಿ ನಾರುತ್ತಿದ್ದವು. ಗಾಲಿ ತಿರುವಿದ. ಕಿಡಿ ಹಾರಿತು, ಬೆಂಕಿ ಇಲ್ಲ. ಡಬ್ಬಿ ಪೂರ್ತಿ ಒಣಗಿತ್ತು. ಹಿಂದೆ ಬಸ್ಸು ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಅದನ್ನು ನೋಡುವ ವ್ಯವಧಾನ ಇವನಿಗಿರಲಿಲ್ಲ.

ಕೆರೆಯ ಏರಿಯ ಕೆಳಗೆ ಸಾಹೇಬರ ಕಾರು ನಿಂತಿತ್ತು. ಡ್ರೈವರ್ ಮೆಹಬೂಬ್ ಪಾಷಾ ನೆರಳಿಗೆ ಕೂತಿದ್ದ. ಹಿಂದಿನ ಸೀಟಿನ ಮೇಲೆ ಮಡಿಸಿಟ್ಟ ಮಡಿಪಂಚೆ, ಪಕ್ಕದಲ್ಲೊಂದು ಪಂಚಪಾತ್ರೆ. ಸಂಪತ್ ಕುಮಾರನ ಕಣ್ಣಿಗೆ ಅವು ಬಿದ್ದವು, ತಲೆಗೆ ಹೋಗಲಿಲ್ಲ.

"ಪಾಷಾ, ನಿನ್ನ ಕಾಲಿಗೆ ಬೀಳ್ತೀನಿ, ಇದಕ್ಕೆ ನಾಲ್ಕು ತೊಟ್ಟು ಪೆಟ್ರೋಲು ಹಾಕು."

"ಪೆಟ್ರೋಲಾ? ಕೂಪನ್ ಮೇಲೆ ಸಿಗೋ ಮಾಲು ಸ್ವಾಮಿ ಅದು, ಅತ್ತರಿಗಿಂತ ತುಟ್ಟಿ" ಎಂದು ಪಾಷಾ ಗೊಣಗಿದ. ಆದರೆ ಇವನ ಒಂಟಿ ಹುಬ್ಬಿನ ಮುಖ ನೋಡಿ ಮನಸ್ಸು ಕರಗಿತು. ಚಿಂದಿಬಟ್ಟೆ ಅದ್ದಿ ನಾಲ್ಕು ತೊಟ್ಟು ಹಿಂಡಿದ. "ಯಾರಿಗೆ, ಸಾಹೇಬರಿಗಾ? ಅವರು ಬೆಳಗಿಂದ ಸೇದೇ ಇಲ್ಲ. ಯಾಕಂದ್ರೆ…"

ಬೆಳಗಿನಿಂದ ಸೇದಿಲ್ಲ. ಅಷ್ಟು ಸಾಕಾಯಿತು ಸಂಪತ್ ಕುಮಾರನಿಗೆ. ಪಾಪ, ಕಡ್ಡಿ ಸಿಕ್ಕಿಲ್ಲ ಎಂದುಕೊಂಡು ಏರಿ ಹತ್ತಿ ಓಡಿದ. "ಸ್ವಾಮಿ, ಪೂರ್ತಿ ಕೇಳಿ" ಎಂದು ಪಾಷಾ ಕೂಗಿದ್ದು ಗಾಳಿಗೆ ಹೋಯಿತು.

ಏರಿಯ ಮೇಲೆ ಸಾಹೇಬರು ಓವರ್‌ಸಿಯರನನ್ನು ತೂಬಿನ ಅಳತೆಗೆ ಅಟ್ಟಿ, ಏರಿಯ ಕೊನೆಯಲ್ಲಿದ್ದ ಗುಡಿಯ ಕಡೆಗೊಮ್ಮೆ ನೋಡಿ, ಸರಸರನೆ ಒಂದು ಹುಣಸೆಮರದ ಹಿಂದಕ್ಕೆ ಹೋದರು. ಇವನೂ ಹಿಂದೆಯೇ ಹೋದ. ಪೈಪು ಆಗಲೇ ಅವರ ಬಾಯಲ್ಲಿತ್ತು. ಎರಡೂ ಕೈ ಜೇಬುಗಳನ್ನು ತಡಕುತ್ತಿದ್ದವು.

"ಬೆಂಕಿ ಬೇಕಾ ಸಾರ್?"

ಸಾಹೇಬರು ಬೆಚ್ಚಿಬಿದ್ದರು. ನೋಡಿದರೆ ಗುಮಾಸ್ತ. "ಇದ್ರೆ ಬೇಗ ಕೊಡಯ್ಯ" ಎಂದರು.

ಸಂಪತ್ ಕುಮಾರ ಗಾಲಿ ತಿರುವಿದ. ಬರಿಯ ಕಿಡಿ. ಮತ್ತೆ ತಿರುವಿದ. ಸಾಹೇಬರ ಮುಖ ಹೋದ ತಿಂಗಳಿನಂತೆಯೇ ಕೆಂಪಾಗತೊಡಗಿತು. ಇವನಿಗೆ ಅಂಬೆಗಾಲಿಡುವ ಮಗು ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿ ಹೆಬ್ಬೆರಳು ಕಿತ್ತುಹೋಗುವಂತೆ ತಿರುವಿದ. ಹೊತ್ತಿತು. ಗಾಳಿ ಬೀಸಿತು, ಆರಲಿಲ್ಲ. ಬೆಂಕಿ ಬಾಗಿ ವಿನಯದಿಂದ ಪೈಪಿನೊಳಕ್ಕೆ ಇಳಿಯಿತು. ಸಾಹೇಬರು ಕಣ್ಣು ಮುಚ್ಚಿ ಎಳೆದು ಹೊಗೆ ಬಿಟ್ಟರು.

"ಆಹಾ" ಎಂದರು. "ಏನಪ್ಪ ನಿನ್ನ ಹೆಸರು? ನಿನ್ನದೊಂದು ಅರ್ಜಿ ಇತ್ತಲ್ಲ, ಕೊಡು ಇಲ್ಲಿ."

ಪೆನ್ನಿನ ಮುಚ್ಚಳ ಬಿಚ್ಚಿದರು. ಅರ್ಜಿಯನ್ನು ಮರಕ್ಕೆ ಒತ್ತಿ ಹಿಡಿದರು. ಅಷ್ಟರಲ್ಲಿ ಮರದ ಆಚೆಯಿಂದ ಒಂದು ಮುದಿ ದನಿ ಬಂತು.

"ಪುಟ್ಟೂ, ಎಲ್ಲಿದ್ದೀಯೋ? ತೀರ್ಥ ತಂದಿದ್ದೀನಿ."

ಜಿಲ್ಲೆಯ ನಾಲೆಗಳೆಲ್ಲ ಯಾರ ಮಾತು ಕೇಳಿ ಹರಿಯುತ್ತಿದ್ದವೋ ಆ ಸಾಹೇಬರ ಮುಖದ ರಕ್ತ ಇಳಿದು ಹೋಯಿತು. ಪೈಪು ಬಾಯಿಂದ ಹೊರಬಂದು, ಹೇಗೆ ಬಂತೋ, ಸಂಪತ್ ಕುಮಾರನ ಎಡಗೈಯಲ್ಲಿ ಕೂತಿತು. ಬಲಗೈಯಲ್ಲಿ ಲೈಟರು ಉರಿಯುತ್ತಲೇ ಇತ್ತು. ಅದರ ಮುಚ್ಚಳ ಗಡಿಬಿಡಿಯಲ್ಲಿ ಹುಲ್ಲಿಗೆ ಬಿದ್ದಿತ್ತು. ಊದಿದ. ಆರಲಿಲ್ಲ. ಉಸಿರು ಕಟ್ಟಿ ಊದಿದ. ಜಲಾಲ್ ಸುಳ್ಳು ಹೇಳಿರಲಿಲ್ಲ.

ನಾಮ, ಜರಿಶಾಲು, ಕೈಯಲ್ಲಿ ತೀರ್ಥದ ಗಿಂಡಿ; ಸಾಹೇಬರ ತಂದೆ ಮರ ಸುತ್ತಿ ಬಂದರು. ಹೊಗೆ ಕಂಡು ನಿಂತರು.

"ಏನೋ ಇದು?"

"ಏನಿಲ್ಲಪ್ಪ" ಎಂದರು ಸಾಹೇಬರು. "ಇವನು… ನಮ್ಮ ಗುಮಾಸ್ತ."

"ಮೇಲಧಿಕಾರಿ ಎದುರಿಗೇ ಹೊಗೆ ಬಿಡ್ತಾನಾ?" ಮುದುಕರು ಹತ್ತಿರ ಬಂದು ಸಂಪತ್ ಕುಮಾರನ ಕೋಟನ್ನು ಮೂಸಿದರು. ಒಂದು ಬಸ್ಸಿನ ಬೀಡಿ ಅದರಲ್ಲಿತ್ತು. ಮೂಗು ಮುಚ್ಚಿಕೊಂಡರು. "ರಾಮ ರಾಮ. ಇವನು ಇವತ್ತು ಶುರು ಮಾಡಿದವನಲ್ಲ."

ಸಂಪತ್ ಕುಮಾರ ಬಾಯಿ ತೆರೆದ. ಮುದುಕರ ಬೆನ್ನ ಹಿಂದೆ ಸಾಹೇಬರು ಎರಡೂ ಕೈ ಮುಗಿದು ನಿಂತಿದ್ದರು. ಆ ಕೈಗಳ ನಡುವೆ ಅರ್ಜಿಯೂ ಪೆನ್ನೂ ಇದ್ದವು. ಬೇಡುವ ಕಣ್ಣು ಅರ್ಜಿಯನ್ನೊಮ್ಮೆ, ಇವನನ್ನೊಮ್ಮೆ ನೋಡುತ್ತಿತ್ತು. ಒಂದು ಮಾತು ಒಪ್ಪಿಕೊಂಡರೆ ಮಂಡ್ಯ. ಹೆಂಡತಿ, ಮಗು, ಮನೆಯ ಹಿಂಭಾಗ.

"ತಪ್ಪಾಯಿತು" ಎಂದ ಸಂಪತ್ ಕುಮಾರ. "ಇನ್ನು ಮುಂದೆ ಸೇದೋದಿಲ್ಲ."

ಸಾಹೇಬರು ಅಲ್ಲೇ, ಮರಕ್ಕೊತ್ತಿ, ಸಹಿ ಹಾಕಿದರು.

"ಅದೇನು ಬರೀತಿದ್ದೀಯ?"

"ವರ್ಗ ಮಾಡ್ತಿದ್ದೀನಪ್ಪ. ಇಲ್ಲಿದ್ದು ಹಾಳಾಗಿದ್ದಾನೆ. ಮಂಡ್ಯಕ್ಕೆ ಕರೆಸಿ ಕಣ್ಣ ಮುಂದೆ ಇಟ್ಕೋತೀನಿ."

"ಒಳ್ಳೆ ಕೆಲಸ ಮಾಡಿದೆ" ಎಂದ ಮುದುಕರ ಮುಖ ಮೃದುವಾಯಿತು. ಹಿರಿಯರಲ್ಲವೆ, ಬೈದ ಮೇಲೆ ವಿಚಾರಿಸದೆ ಬಿಡುವುದುಂಟೆ? "ಮಂಡ್ಯದಲ್ಲಿ ನಿನ್ನವರು ಅಂತ ಯಾರಾದರೂ ಇದ್ದಾರೇನಯ್ಯ? ಹೆಣ್ಣು ಯಾರ ಮನೆಯದು?"

ಸಹಿಯಾದ ಕಾಗದ ಕಂಕುಳಿಗೆ ಸೇರಿದ ಸಂತೋಷದಲ್ಲಿ ಸಂಪತ್ ಕುಮಾರನ ನಾಲಿಗೆ ಸಡಿಲವಾಗಿತ್ತು. "ಮಂಡ್ಯದವರೇ. ನಮ್ಮ ಮಾವ ಚಲುವನಾರಾಯಣಾಚಾರ್ಯರು."

ಮುದುಕರು ಗಿಂಡಿಯನ್ನು ಕೆಳಗಿಟ್ಟರು.

"ಪುರಾಣದ ಆಚಾರ್ಯರ ಅಳಿಯನೇ ನೀನು? ದಿನಾ ಸಂಜೆ ನಾನು ಅವರ ಎದುರಿಗೇ ಕೂರೋದು. ಅಯ್ಯೋ, ಆ ಮಹಾನುಭಾವರು ಎಂಥವರಿಗೆ ಹೆಣ್ಣು ಕೊಟ್ಟುಬಿಟ್ಟರು. ತಿಳಿದೂ ಸುಮ್ಮನಿದ್ದರೆ ಆ ಪಾಪ ನನಗೆ ಅಂಟುತ್ತೆ. ಇವತ್ತು ಸಂಜೆಯೇ ಹೇಳಿಬಿಡ್ತೀನಿ. ಹೆದರಬೇಡ, ನಿನ್ನ ಒಳ್ಳೇದಕ್ಕೇ."

ಸಂಪತ್ ಕುಮಾರ ಸಾಹೇಬರ ಕಡೆ ನೋಡಿದ. ಸಾಹೇಬರು ಬಲು ಶ್ರದ್ಧೆಯಿಂದ ಕೆರೆಯ ನೀರಿನ ಮಟ್ಟ ನೋಡುತ್ತಿದ್ದರು. ಕಾರು ಹತ್ತಿ ಕೂತ ಮೇಲೆ ಮಾತ್ರ ಕಿಟಕಿಯಿಂದ ಬಗ್ಗಿ ಮೆಲ್ಲಗೆ ಹೇಳಿದರು: "ಪೈಪು ಜೋಪಾನ. ಕಚೇರಿಗೆ ಬರುವಾಗ ತಂದುಬಿಡು."

ಕಾರು ಧೂಳೆಬ್ಬಿಸಿಕೊಂಡು ಮಂಡ್ಯದ ದಿಕ್ಕಿಗೆ ಹೋಯಿತು. ಆಗ ಇವನಿಗೆ ಬುದ್ಧಿ ಬಂತು. ಪುರಾಣ ಶುರುವಾಗುವ ಮೊದಲು ತಾನು ಮಂಡ್ಯ ಮುಟ್ಟಿ ಮಾವನವರ ಕಾಲು ಹಿಡಿಯಬೇಕು. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಉರಿಯುವ ಲೈಟರು, ಕಂಕುಳಲ್ಲಿ ವರ್ಗದ ಆರ್ಡರು. ಹಾಗೆಯೇ ರಸ್ತೆಗೆ ಓಡಿದ.

ದೇವರ ದಯೆ, ಬಸ್ಸು ಬಿಟ್ಟ ಜಾಗದಲ್ಲೇ ನಿಂತಿತ್ತು; ಮದ್ದೂರು ಮುಟ್ಟಿದರೆ ಅಲ್ಲಿಂದ ಮಂಡ್ಯಕ್ಕೆ ರೈಲಿದೆ. ಜನವೆಲ್ಲ ಕೆಳಗಿಳಿದು ಇದ್ದಿಲ ಒಲೆಯ ಸುತ್ತ ಕೂತಿದ್ದರು. ಇವನನ್ನು ಕಂಡು ಚಿಕ್ಕಣ್ಣ ಎದ್ದು ನಿಂತ.

"ಬಂದ್ರು ಕಣ್ರಲಾ ಬೆಂಕಿ ಸಾಮಿ. ಒಲೆ ಆರೋಗದೆ ಸಾಮಿ, ಯಾರತ್ರಾನೂ ಒಂದು ಕಡ್ಡಿ ಇಲ್ಲ. ಒಸಿ ಅಚ್ಚಿ ಕೊಡಿ, ಬಸ್ಸು ಒಂಟೋಗ್ತದೆ."

ಸಂಪತ್ ಕುಮಾರ ಬಲಗೈ ಮುಂದೆ ಚಾಚಿದ. ಪಾಷಾ ಹಿಂಡಿದ ನಾಲ್ಕು ತೊಟ್ಟು ಓಡಿ ಬರುವಷ್ಟರಲ್ಲಿ ತೀರಿಹೋಗಿತ್ತು. ಲೈಟರು ಆರಿತ್ತು.