ಬಗ್ಗಿ ಕೇಳಿದ ಪಾಠ

ಮಕ್ಕಳಿಗೆ ಬುದ್ಧಿ ಕಲಿಸುತ್ತೇನೆಂದು ಹೊರಟ ನನಗೆ ಮಕ್ಕಳೇ ಬುದ್ಧಿ ಕಲಿಸಿ ಕಳಿಸುವುದು ನೌಕರಿಯುದ್ದಕ್ಕೂ ತಪ್ಪಲಿಲ್ಲ. ವಾರಕ್ಕೆ ಒಂದಾದರೂ ಇಂಥದ್ದು ಆಗುತ್ತಿತ್ತು. ಆಗದ ವಾರ ಶಾಲೆಗೆ ರಜೆ ಇತ್ತು ಎಂದೇ ಲೆಕ್ಕ.

ಎಪ್ಪತ್ತರ ದಶಕದ ಮಾತು. ಕಾಲುವೆಗೆ ನೀರು ಬಂದು ಕಂಪ್ಲಿಯ ಸುತ್ತ ಎಲ್ಲಿ ನೋಡಿದರೂ ಭತ್ತ. ಆಂಧ್ರದಿಂದ ಬಂದ ರೈತರು ಗದ್ದೆಗಳ ನಡುವೆ ಕ್ಯಾಂಪು ಕಟ್ಟಿಕೊಂಡಿದ್ದರು. ಅಂಥ ಒಂದು ಕ್ಯಾಂಪಿನ ಶಾಲೆಗೆ ನಾನು ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿ ಒಂದೇ ಸೂರಿನಡಿ ಕನ್ನಡವೂ ನಡೆಯುತ್ತಿತ್ತು, ತೆಲುಗೂ ನಡೆಯುತ್ತಿತ್ತು. ಎರಡರಲ್ಲೂ ಮುಂದಕ್ಕೆ ಹೋಗದ ಏಳು ಮಕ್ಕಳನ್ನು ಆರಿಸಿ ಹೆಡ್ಮಾಸ್ತರರು ನನಗೆ ಒಪ್ಪಿಸಿದರು. "ನಿಮಗ ತಾಳ್ಮಿ ಭಾಳ ಐತಿ" ಅಂದರು. ನನಗೆ ತಾಳ್ಮೆ ಇರಲಿಲ್ಲ. ಕೆಲಸಕ್ಕೆ ಹೊಸಬಳು, ಆಗುವುದಿಲ್ಲ ಎನ್ನುವ ಧೈರ್ಯ ಇರಲಿಲ್ಲ, ಅಷ್ಟೇ.

ಏಳರಲ್ಲಿ ಒಬ್ಬಳು ಹುಡುಗಿ ನನ್ನ ಜೀವ ಹಿಂಡಿದಳು. ಎರಡನೇ ಕ್ಲಾಸಿನಲ್ಲೇ ಎರಡು ಸಲ ಫೇಲಾದವಳು. ಮನೆಯಲ್ಲಿ ಪಟಪಟ ಮಾತಂತೆ, ಶಾಲೆಯ ಹೊಸ್ತಿಲು ದಾಟಿದರೆ ಒಂದಕ್ಷರ ಇಲ್ಲ. ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಗಟ್ಟಿಯಾಗಿ ಓದಿದರೆ ಮಾತ್ರ ಪಾಸು. ಅವಳಪ್ಪ ಮೊದಲ ದಿನವೇ ಬಂದು ಹೇಳಿಹೋಗಿದ್ದ: "ಈ ಸಲನೂ ಫೇಲಾದ್ರ ಶಾಲಿ ಬಿಡಸ್ತೀನ್ರಿ ಟೀಚರ್. ಮನ್ಯಾಗ ಕೂಸು ಆಡಿಸ್ಕೊಂಡು ಇರ್ಲಿ." ಸಿಟ್ಟಿನಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

೧. ಸುತ್ತು ಹಾಕುವ ಲೆಕ್ಕ

ಏಳರಲ್ಲಿ ಇನ್ನೊಬ್ಬ ಹುಡುಗನಿಗೆ ಕೂರುವುದೇ ಬರುತ್ತಿರಲಿಲ್ಲ. ಕೂರಿಸಿದರೆ ಏಳುತ್ತಿದ್ದ, ನಿಲ್ಲಿಸಿದರೆ ಓಡುತ್ತಿದ್ದ. ಅವನ ತಾಯಿಯನ್ನು ಕೇಳಿದೆ: "ಮನ್ಯಾಗ ಹೆಂಗ ಕುಂದರಸ್ತೀರಿ?"

"ಕುಂದರಸಾದ್ಯಾಕ್ರಿ? ಬದುವಿನ ಮ್ಯಾಲ ಬಿಟ್ಟುಬಿಡ್ತೀನಿ. ಅಂವ ಓಡಾಡಿದ್ರನ ಅವನ ತಲಿ ಓಡತೈತಿ."

ನೋಡೇಬಿಡೋಣ ಎಂದು ಒಂದು ಲೆಕ್ಕ ಹೇಳಿ, "ಶಾಲೆಗೆ ಒಂದು ಸುತ್ತು ಹಾಕಿ ಬಂದು ಉತ್ತರ ಹೇಳು" ಅಂದೆ. ಏದುಸಿರು ಬಿಡುತ್ತ ಬಂದು ಸರಿಯಾದ ಉತ್ತರ ಹೇಳಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಹೆಡ್ಮಾಸ್ತರರು ಕಿಟಕಿಯಲ್ಲಿ ಇಣುಕಿ, "ಆ ಹುಡುಗ ಯಾಕ ಓಡಾಕತ್ತಾನ?" ಎಂದು ಕೇಳಿದರು. "ಲೆಕ್ಕ ಮಾಡಾಕತ್ತಾನ್ರಿ ಸರ್" ಅಂದೆ. ಅವರು ಕಿಟಕಿಯಿಂದ ತಲೆ ಹಿಂದಕ್ಕೆಳೆದುಕೊಂಡು ಹೊರಟುಹೋದರು.

ಒಂದು ದಿನ ಭಾಗಾಕಾರ ಕೊಟ್ಟೆ. ಒಂದು ಸುತ್ತು ಹೋದ, ಎರಡು ಹೋದ, ಬಾಗಿಲವರೆಗೆ ಬಂದವನು ತಿರುಗಿ ಮೂರನೆಯದಕ್ಕೂ ಹೋದ. "ಯಾಕೋ, ಅಷ್ಟು ಕಷ್ಟ ಇತ್ತೇನೋ?" ಎಂದೆ.

"ಇಲ್ರಿ ಟೀಚರ್, ಎರಡು ಸುತ್ತಿಗೇ ಮುಗೀತು. ಶೇಷ ಒಂದು ಉಳೀತಲ್ರಿ, ಅದನ್ನ ಏನ್ ಮಾಡ್ಲಿ?"

೨. ಕನ್ನಡಕದ ಪಾಳಿ

ಏಳರಲ್ಲೇ ದಡ್ಡಿ ಎಂದು ಎಲ್ಲರೂ ಕೈಬಿಟ್ಟಿದ್ದ ಇನ್ನೊಬ್ಬ ಪುಟ್ಟ ಹುಡುಗಿಯಿದ್ದಳು. ಅವಳಿಗೆ ಬೋರ್ಡೇ ಕಾಣುತ್ತಿಲ್ಲವೆಂದು ನನಗೆ ಹೊಳೆದದ್ದು ದಸರಾ ಕಳೆದ ಮೇಲೆ. ಅಲ್ಲಿಯವರೆಗೆ ಅವಳನ್ನು ಬೈದದ್ದಕ್ಕೆ ಇವತ್ತಿಗೂ ನಾಚುತ್ತೇನೆ. ಹೊಸಪೇಟೆಗೆ ಕರೆದೊಯ್ದು ಕಣ್ಣು ತೋರಿಸಿ ಕನ್ನಡಕ ಹಾಕಿಸಿದೆ. ಮಗು ಮಸ್ತ್ ಓದತೊಡಗಿತು.

ವಾರ ಕಳೆಯಿತು. ಒಂದು ದಿನ ಕನ್ನಡಕ ಇದ್ದರೆ ಮೂರು ದಿನ ಇಲ್ಲ. ಒಡೆದುಕೊಂಡಳೇನೋ ಎಂದು ಕೇಳಿದರೆ, "ಇವತ್ತು ನನ್ನ ಪಾಳಿ ಅಲ್ರಿ" ಅಂದಳು.

ಕಾಲುವೆ ನೀರಿಗೆ ಅಲ್ಲೆಲ್ಲ ಪಾಳಿ ಇತ್ತು. ಮೊದಲು ಮೇಲಿನ ಹೊಲದವರು ಬಿಟ್ಟುಕೊಳ್ಳಬೇಕು, ಆಮೇಲೆ ಕೆಳಗಿನವರು. ಮನೆಯವರು ಕನ್ನಡಕಕ್ಕೂ ಅದೇ ಪದ್ಧತಿ ಹಚ್ಚಿದ್ದರು. ಸೋಮವಾರ ತಾತ, ಮಂಗಳವಾರ ಅಜ್ಜಿ, ಬುಧವಾರ ಸೂಜಿಗೆ ದಾರ ಪೋಣಿಸಲು ದೊಡ್ಡಮ್ಮ. ಅದು ಮಗುವಿನ ಕಣ್ಣಿನ ಅಳತೆಯದು, ಅವರಿಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಪಾಳಿ ಬಿಡುವುದುಂಟೇ?

"ನಿನ್ನ ಕನ್ನಡಕಕ್ಕೆ ನಿನ್ನ ಪಾಳಿಯೇ ಕಡೆಗೆ ಯಾಕೆ?" ಎಂದು ರೇಗಿದೆ.

ಮಗು ನನಗೇ ಸಮಾಧಾನ ಹೇಳಿತು. "ಮನ್ಯಾಗ ನಾನ ಸಣ್ಣಾಕಿ ಅಲ್ರಿ ಟೀಚರ್. ಕಾಲುವಿ ಕೊನೀಗಿರೋರಿಗೆ ಯಾವಾಗಲೂ ತಡಾನ."

೩. ಒಬ್ಬಳೇ ಹುಡುಗಿ, ಎರಡು ಹಾಜರಿ

ಮಾತಾಡದ ಹುಡುಗಿಗೆ ನಾನು ಕನ್ನಡದಲ್ಲಿ ಕಥೆ ಹೇಳಿದೆ, ಹುಣಸೆ ಉಂಡೆ ಕೊಟ್ಟೆ, ಒಂದು ದಿನ ಅವಳ ಜೊತೆ ನಾನೂ ಮಾತು ಬಿಟ್ಟು ಕೂತೆ. ಏನೂ ಆಗಲಿಲ್ಲ. ಮನೆಮಾತು ತೆಲುಗಲ್ಲವೇ ಎಂದು ತೆಲುಗು ಮೇಷ್ಟ್ರ ಕ್ಲಾಸಿಗೆ ಕಳಿಸಿದೆ. ಅವರು ವಯಸ್ಸಾದವರು, ಮೃದು ಮನುಷ್ಯ. ಬೆಲ್ಲದ ಚೂರು ಕೊಟ್ಟು, "ಅನ್ನಂ ತಿನ್ನಾವಾ, ತಲ್ಲೀ?" ಎಂದು ಊಟದ ವಿಚಾರ ಕೇಳಿದರು. ಅವಳು ಬೆಲ್ಲ ತಿಂದಳು, ಉತ್ತರ ಕೊಡಲಿಲ್ಲ. "ಈಕೆ ಕನ್ನಡದವಳೇ ಇರಬೇಕು" ಎಂದು ಅವರು ನನ್ನಲ್ಲಿಗೆ ವಾಪಸ್ಸು ಕಳಿಸಿದರು.

ತಿಂಗಳಿಡೀ ಹೀಗೆ ಅತ್ತಿಂದಿತ್ತ ಓಡಾಡಿದಳು. ಪಾಪದ ಕೂಸು ಗೈರುಹಾಜರಾಗುವುದು ಬೇಡವೆಂದು ಇಬ್ಬರೂ ನಮ್ಮ ನಮ್ಮ ಪುಸ್ತಕದಲ್ಲಿ ಹಾಜರಿ ಹಾಕಿದೆವು. ತಿಂಗಳ ಕೊನೆಗೆ ಹೆಡ್ಮಾಸ್ತರರು ಎರಡೂ ಪುಸ್ತಕ ಕೂಡಿಸಿ ಹಿಗ್ಗಿಹೋದರು: "ಶಾಲ್ಯಾಗ ಒಂದು ಮಗು ಹೆಚ್ಚಾಗೇತಲ್ರೀ!"

ಇಡೀ ಶಾಲೆಯಲ್ಲಿ ಬಾಯಿ ಬಿಡದವಳು ಒಬ್ಬಳೇ, ಕಾಗದದ ಮೇಲೆ ಅವಳೇ ಇಬ್ಬರಾಗಿದ್ದಳು.

೪. ಕೆಸರಲ್ಲಿ ಚಪ್ಪಲಿ

ಸಂಕ್ರಾಂತಿ ಕಳೆದು ಎರಡನೇ ಬೆಳೆಯ ನಾಟಿ ಶುರುವಾಯಿತು. ಅವಳು ನಾಲ್ಕು ದಿನ ಬರಲಿಲ್ಲ. ಅಪ್ಪ ಶಾಲೆ ಬಿಡಿಸಿಯೇಬಿಟ್ಟನೇನೋ ಎಂದು ಗದ್ದೆಗೆ ಓಡಿದೆ.

ದೂರದಿಂದಲೇ ಅವಳ ದನಿ ಕೇಳಿತು. ಬದುವಿನ ಮೇಲೆ ನಿಂತು ಸಸಿಯ ಕಟ್ಟು ಎಸೆಯುತ್ತ, ನಾಟಿ ಹಚ್ಚುವ ಹೆಂಗಸರಿಗೆ ನನ್ನ ಪಾಠ ಬಾಯಿಪಾಠ ಒಪ್ಪಿಸುತ್ತಿದ್ದಾಳೆ! ಪಕ್ಕದ ಮೆಟ್ರಿ ಊರಿನಿಂದ ಕೂಲಿಗೆ ಬಂದವರಿಗೆ ಕನ್ನಡದಲ್ಲಿ, ತನ್ನ ಅತ್ತೆಯರಿಗೆ ತೆಲುಗಿನಲ್ಲಿ. ಕುಣಿಯುವಷ್ಟು ಖುಷಿಯಾಗಿ ಹತ್ತಿರ ಹೋದೆ. ನನ್ನ ಮುಖ ಕಂಡದ್ದೇ ತಡ, ಬಾಯಿ ಬಂದ್.

ಬೇಸರದಿಂದ ತಿರುಗಿದೆ. ಕೆಸರಲ್ಲಿ ಚಪ್ಪಲಿ ಹೂತುಕೊಂಡಿತು. ಕೀಳಲು ಬಗ್ಗಿದೆ. ಹಿಂದೆ ಪಾಠ ಮತ್ತೆ ಶುರುವಾಯಿತು! ಆಗ ಗೊತ್ತಾಯಿತು. ನಾಟಿ ಹಚ್ಚುವವರು ಯಾರೂ ತಲೆ ಎತ್ತುವುದಿಲ್ಲ, ಬರೀ ಬೆನ್ನು ಕಾಣುತ್ತದೆ. ಅವಳಿಗೆ ಭಯ ಇದ್ದದ್ದು ತನ್ನನ್ನೇ ನೋಡುವ ಕಣ್ಣುಗಳದು. ಚಪ್ಪಲಿ ಕೈಗೆ ಸಿಕ್ಕಿದ್ದರೂ ನಾನು ಬಗ್ಗಿಯೇ ನಿಂತೆ, ಪಾಠ ಪೂರ್ತಿ ಕೇಳಬೇಕಲ್ಲ.

ಪಕ್ಕದ ಸಾಲಿನ ಮುದುಕಿ ನೋಡಿ ನೋಡಿ ಸಾಕಾಗಿ ನನ್ನ ಕೈಗೆ ಸಸಿ ಕೊಟ್ಟಳು. "ಹೆಂಗೂ ಬಗ್ಗೀರಿ, ನಾಕು ಹಚ್ಚಿಬಿಡ್ರಿ ಟೀಚರಮ್ಮ."

೫. ಸಾಹೇಬರ ನಡ

ನಾಟಿ ಮುಗಿಸಿ ಅವಳು ಶಾಲೆಗೆ ಮರಳಿದ ದಿನದಿಂದ ನನ್ನ ಕೋಣೆಯಲ್ಲಿ ಅವಳ ಸರದಿ ಬಂದಾಗ ನಾವೆಲ್ಲ ಬಗ್ಗುತ್ತಿದ್ದೆವು, ಅವಳು ಓದುತ್ತಿದ್ದಳು. ಆದರೆ ಪಾಸು ಮಾಡುವ ಅಧಿಕಾರ ನನ್ನದಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ದಪ್ಪ ಮನುಷ್ಯ, ಬಿಗಿಯಾದ ಪ್ಯಾಂಟು. ಅವಳಪ್ಪನೂ ಬಂದು ಬಾಗಿಲಲ್ಲಿ ನಿಂತಿದ್ದ. ಅವಳು ಪುಸ್ತಕ ತೆರೆದಳು, ಎಲ್ಲರ ಮುಖ ನೋಡಿದಳು, ತುಟಿ ಕಚ್ಚಿದಳು. ಸಾಹೇಬರು ಪೆನ್ನು ತೆಗೆದರು. ಅವಳಪ್ಪ ನೆಲ ನೋಡಿದ.

"ಸರ್, ಸ್ವಲ್ಪ ಬಗ್ಗಬೇಕ್ರಿ" ಅಂದೆ. ನನ್ನ ಬಾಯಲ್ಲಿ ಅದು ಹೇಗೆ ಬಂತೋ.

"ಏನಂದ್ರಿ?"

"ನಾಟಿ ಹಚ್ಚೋರ ಹಂಗ್ರಿ. ಮುಖ ಕಂಡ್ರ ಆಕಿ ಓದಂಗಿಲ್ಲ, ಬೆನ್ನು ಕಂಡ್ರ ಓದತಾಳ."

"ಬಗ್ಗಬೇಕು ಅಂತ ಯಾವ ರೂಲ್ಸಿನಾಗ ಐತಿ?"

"ಬಗ್ಗಬಾರದು ಅಂತನೂ ಇಲ್ರಿ ಸರ್."

ಅಷ್ಟರಲ್ಲಿ ನನ್ನ ಆರು ಮಕ್ಕಳು ಬಗ್ಗಿಯಾಗಿತ್ತು. ತೆಲುಗು ಮೇಷ್ಟ್ರು ಮಂಡಿ ಹಿಡಿದು ಬಗ್ಗಿದರು. ಹೆಡ್ಮಾಸ್ತರರು ಸಾಹೇಬರ ಕಡೆ ನೋಡುತ್ತ ಅರ್ಧ ಬಗ್ಗಿದರು. ಬಾಗಿಲಲ್ಲಿದ್ದ ಅಪ್ಪ, ಏನು ಎತ್ತ ಕೇಳದೆ, ಪೂರ್ತಿ ಬಗ್ಗಿದ. ಅವನನ್ನು ಕಂಡು ಸಾಹೇಬರೂ ನಿಟ್ಟುಸಿರು ಬಿಟ್ಟು ಬಗ್ಗಿದರು.

ಅವಳು ಓದಿದಳು. ತಡವರಿಸದೆ, ಗಟ್ಟಿಯಾಗಿ ಓದಿದಳು. ನನಗೆ ಅಳು ಬಂತು. ಬಗ್ಗಿದ್ದರಿಂದ ಕಣ್ಣೀರು ನೇರ ನೆಲಕ್ಕೆ ಬಿತ್ತು, ಸೆರಗು ನೆನೆಯಲಿಲ್ಲ. ಅವಳಪ್ಪ ಬಗ್ಗಿದಲ್ಲೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ನಡುವೆ ಸಾಹೇಬರು ಸೊಂಟ ಹಿಡಿದುಕೊಂಡು ಮೆಲ್ಲಗೆ ಏಳಹೊರಟರು. ಓದು ಗಕ್ಕನೆ ನಿಂತಿತು.

"ಯಾರದು ನಡಾ ಎತ್ತಾಕತ್ತಾರ? ಬಗ್ಗರ್ರಿ!" ಎಂದು ಅವಳು ಬದುವಿನ ಮೇಲಿನ ದನಿಯಲ್ಲೇ ಗದರಿದಳು.

ಸಾಹೇಬರು ಮೊದಲಿಗಿಂತ ಆಳವಾಗಿ ಬಗ್ಗಿದರು.

ಪಾಠ ಮುಗಿಯಿತು. ಎರಡು ವರ್ಷ ಸಿಗದ ಮಾತು ನೆಲ ನೋಡುತ್ತಿದ್ದ ಸಾಹೇಬರ ಬಾಯಿಂದ ಬಂತು: "ಪಾಸವ್ವಾ ತಾಯಿ, ಪಾಸು! ಇನ್ನ ಏಳ್ಲೇನು?"

ಅವಳು ಇನ್ನೊಂದು ಪುಸ್ತಕ ತೆರೆಯುವ ಸದ್ದು ಕೇಳಿತು.

"ತಡೀರಿ, ಇನ್ನೂ ತೆಲುಗು ಓದಿಲ್ಲ."