ದಿನೇಶನ ಕರಬೂಜ ಕಾಕ್‌ಟೇಲ್

"ಕಾಕ್‌ಟೇಲ್ ಅಂದ್ರೆ ಏನು ಮಹಾ ಬ್ರಹ್ಮವಿದ್ಯೆನಾ? ಹಣ್ಣು, ಸಕ್ಕರೆ, ನಿಂಬೆಹಣ್ಣು, ಒಂದಿಷ್ಟು ವೋಡ್ಕಾ! ಭಾನುವಾರ ಮನೆಗೆ ಬಾ, ಸ್ಟಾರ್ ಹೋಟೆಲಿನವರು ತಲೆ ತಗ್ಗಿಸಬೇಕು, ಹಾಗೆ ಮಾಡಿ ಕೊಡ್ತೀನಿ!"

ಮದ್ರಾಸಿನ ಶೋಳಿಂಗನಲ್ಲೂರಿನ ಆಫೀಸು ಕ್ಯಾಂಟೀನಿನಲ್ಲಿ ದಿನೇಶ ಹೀಗೆ ಘೋಷಿಸಿದಾಗ ಅವನ ಮುಂದಿದ್ದದ್ದು ಒಂದು ತಟ್ಟೆ ಮೊಸರನ್ನ. ಎದುರು ಕೂತಿದ್ದ ಮಂಗಳೂರಿನ ಪ್ರವೀಣ ನಕ್ಕುಬಿಟ್ಟ. "ಬಾಯಲ್ಲಿ ಮಾಡುದು ಸುಲಭ ಮಾರಾಯ." ಆ ನಗುವೇ ಎಲ್ಲಕ್ಕೂ ಮೂಲ. ಜನ್ಮದಲ್ಲಿ ಒಂದು ಲೋಟ ಕಾಫಿ ಬೆರೆಸಿದವನಲ್ಲ ದಿನೇಶ. ಆದರೂ ಇಡೀ ಮೈಸೂರಿನ ಮಾನ ತನ್ನ ಕೈಯಲ್ಲಿದೆ ಎಂದುಕೊಂಡು ಸಂಜೆಯೇ ವೈನ್ ಶಾಪಿಗೆ ನುಗ್ಗಿ, ಬಾಟಲಿಯನ್ನು ಊಟದ ಬ್ಯಾಗಿನಲ್ಲಿ ಮಲಗಿಸಿಕೊಂಡು, ಕಳ್ಳಬೆಕ್ಕಿನ ಹಾಗೆ ಕೀಲ್ಪಾಕಿನ ಮನೆ ಸೇರಿದ.

ಬೆಕ್ಕಿನ ಹೆಜ್ಜೆಗೆ ಕಾರಣವಿತ್ತು. ಮನೆಯ ಮಾಲೀಕರು ಮಹಡಿಯಲ್ಲಿದ್ದ ಜಯಲಕ್ಷ್ಮೀ ಮಾಮಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ಮನೆ ಕೊಡುವಾಗಲೇ ಬೆರಳೆತ್ತಿ ಹೇಳಿದ್ದರು: ಮಾಂಸ ಕೂಡದು, ಮದ್ಯ ಕೂಡದು, ಮೀರಿದರೆ ಅವತ್ತೇ ಗಂಟುಮೂಟೆ ಕಟ್ಟಬೇಕು. ಬೇರೆ ಊರಾಗಿದ್ದರೆ ದಿನೇಶ ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ಇದು ಮದ್ರಾಸು, ಅದೂ ಬೇಸಿಗೆ! ಊರಿಗೆ ಊರೇ ಪ್ಲಾಸ್ಟಿಕ್ ಕೊಡ ಹಿಡಿದು ನೀರಿನ ಲಾರಿಗೆ ಕಾಯುತ್ತಿದ್ದಾಗ ಮಾಮಿಯ ಹಿತ್ತಲ ಬಾವಿಯಲ್ಲಿ ಸಿಹಿನೀರು ತುಂಬಿತ್ತು. ಅಂಥ ಮನೆ ಸಿಗಲೆಂದು ಅವನ ಹೆಂಡತಿ ಹರಕೆಯನ್ನೇ ಹೊತ್ತಿದ್ದಳು. ಅವಳಿಗೆ ಮೌನ ಎಂದು ಹೆಸರಿಟ್ಟವರು ಸ್ವಲ್ಪ ಅವಸರ ಮಾಡಿದ್ದರು.

"ಏನ್ರೀ ಇದು! ಮೇಲೆ ಮಾಮಿ, ಒಳಗೆ ಚಿಕ್ಕಮ್ಮ! ನಿಮಗೆ ಈಗಲೇ ಬೇಕಿತ್ತಾ?"

ಚಿಕ್ಕಮ್ಮ ಎಂದರೆ ದಿನೇಶನ ತಾಯಿಯ ತಂಗಿ. ಒಂದು ವಾರಕ್ಕೆಂದು ಮೈಸೂರಿನಿಂದ ಬಂದಿದ್ದ ಮಡಿವಂತೆ.

"ಮೆತ್ತಗೆ ಮಾತಾಡೇ! ವೋಡ್ಕಾಗೆ ವಾಸನೇನೇ ಇಲ್ಲ. ಸಾಕ್ಷಾತ್ ಶ್ರೀರಾಮನೇ ಬಂದು ಮೂಸಿದ್ರೂ ಗೊತ್ತಾಗಲ್ಲ."

"ಮನೆ ಹೋದ್ರೆ ಕೊಡ ಹಿಡ್ಕೊಂಡು ಲಾರಿ ಹಿಂದೆ ನೀವೇ ಓಡಬೇಕು. ನಾನಂತೂ ಓಡಲ್ಲ!"

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ದೇವಸ್ಥಾನಕ್ಕೆ ಹೊರಟದ್ದೇ ತಡ, ದಿನೇಶ ಲುಂಗಿ ಎತ್ತಿ ಕಟ್ಟಿದ. ತಂದಿದ್ದ ಎರಡು ಕರಬೂಜಗಳಲ್ಲಿ ಒಂದನ್ನು ಕೊಯ್ದು ಮಿಕ್ಸಿಗೆ ಹಾಕಿದ. ನಿಂಬೆರಸ ಹಿಂಡಿದ. ವೋಡ್ಕಾ ಎಷ್ಟು ಹಾಕಬೇಕೆಂದು ತಿಳಿಯದೆ ಉದಾರವಾಗಿ ಇಡೀ ಬಾಟಲಿ ಬಗ್ಗಿಸಿದ. ಕುಲುಕಲು ಬೇಕಾದ ಸಾಧನವಿಲ್ಲದ್ದರಿಂದ ಎಲ್ಲವನ್ನೂ ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ, ಕಣ್ಣು ಮುಚ್ಚಿ, ಮೈಮೇಲೆ ದೇವರು ಬಂದವನಂತೆ ಕುಲುಕಿದ. ಮುಚ್ಚಳ ಹಾರಿತು! ಹಾರಿದ ರಸವನ್ನು ಸೀಲಿಂಗ್ ಫ್ಯಾನು ನಾಲ್ಕೂ ಗೋಡೆಗೆ ಪಕ್ಷಪಾತವಿಲ್ಲದೆ ಹಂಚಿತು.

"ನೀವು ಆಚೆ ಹೋಗಿ, ನಾನು ಒರೆಸ್ತೀನಿ," ಎಂದಳು ಮೌನ. ಅವಳ ದನಿ ತಣ್ಣಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ. ಉಳಿದ ರಸವನ್ನು ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು, ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಹಿಂದೆ ಅಡಗಿಸಿ, ದಿನೇಶ ಐಸು, ಚಿಪ್ಸು ತರಲು ಸ್ಕೂಟರ್ ಹತ್ತಿ ಪಾರಾದ.

ಹಿಂದಿರುಗಿದಾಗ ಮನೆ ತುಂಬ ಏಲಕ್ಕಿಯ ಘಮ. ಬಾಗಿಲಲ್ಲೇ ರೇಷ್ಮೆ ಸೀರೆಯುಟ್ಟ ಚಿಕ್ಕಮ್ಮ.

"ಬಂದ್ಯಾ? ಇವತ್ತು ರಾಮನವಮಿ ಅಂತ ನಿನಗೆ ನೆನಪಿತ್ತಲ್ಲ, ನನಗೆ ಅದೇ ಸಂತೋಷ. ಪಾನಕ ನೈವೇದ್ಯ ಆಯ್ತು. ಮಾಮಿಗೂ ಒಂದು ಚೊಂಬು ಕೊಟ್ಟು ಬಂದೆ."

"ಪಾ... ಪಾನಕ? ಯಾವ ಪಾನಕ?"

"ಕರಬೂಜದ್ದು ಕಣೋ, ಇನ್ಯಾವುದು?"

ದಿನೇಶ ಫ್ರಿಜ್ಜಿಗೆ ಹಾರಿದ. ದೋಸೆಹಿಟ್ಟಿನ ಹಿಂದೆ ಏನೂ ಇಲ್ಲ. ಸ್ಟೀಲ್ ಡಬ್ಬಿ ಸಿಂಕಿನ ಪಕ್ಕ ಬೋರಲಾಗಿ ಫಳಫಳ ಹೊಳೆಯುತ್ತಿತ್ತು.

"ಚಿಕ್ಕಮ್ಮಾ, ಈ ಡಬ್ಬಿಲಿ ಇದ್ದಿದ್ದು..."

"ಖಾಲಿ ಮಾಡಿ ತೊಳೆದಿಟ್ಟೆ. ಈಗ ನನ್ನ ಮಾತಾಡಿಸಬೇಡ, ಪಾರಾಯಣಕ್ಕೆ ಕೂರ್ತೀನಿ."

ಕೂತೇಬಿಟ್ಟರು! ಪಾರಾಯಣಕ್ಕೆ ಕೂತರೆ ಅದು ಮುಗಿಯುವ ತನಕ ಚಿಕ್ಕಮ್ಮ ಬೇರೆ ಮಾತಾಡುವವರಲ್ಲ. ಮನೆಗೆ ಬೆಂಕಿ ಬಿದ್ದರೂ ಸನ್ನೆಯಲ್ಲೇ ತಿಳಿಸುವ ಪೈಕಿ. ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿದ ಮೌನ ಬಚ್ಚಲಿನಿಂದ ಬಂದಳು. ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು.

"ಗೋಡೆ ಒರೆಸಿ ಸ್ನಾನಕ್ಕೆ ಹೋಗಿದ್ದೆ, ಅಷ್ಟರಲ್ಲಿ... ಅಯ್ಯೋ ರೀ, ಮಾಮಿ ಇವತ್ತು ಉಪವಾಸ! ಖಾಲಿ ಹೊಟ್ಟೆ! ಬಿ.ಪಿ. ಮಾತ್ರೆ ಬೇರೆ!"

ಅದೇ ಹೊತ್ತಿಗೆ ಮಹಡಿಯಿಂದ ಹಾಡು ಕೇಳಿತು. ಈ ಮನೆಗೆ ಬಂದಾಗಿನಿಂದ ಮಾಮಿಯ ಬೈಗುಳ ಕೇಳಿದ್ದರೇ ಹೊರತು ಹಾಡು ಕೇಳಿರಲಿಲ್ಲ. ದಿನೇಶ ಎರಡೆರಡು ಮೆಟ್ಟಿಲು ಹಾರಿ ಮಹಡಿ ಹತ್ತಿದ.

ಮಾಮಿ ಉಯ್ಯಾಲೆಯಲ್ಲಿ ತೂಗುತ್ತ ಕೂತಿದ್ದರು. ಕಣ್ಣು ಕೆಂಡದಂತೆ ಕೆಂಪು. ಮುಖದಲ್ಲಿ ನಗು! ಹೆಡ್‌ಮಿಸ್ಟ್ರೆಸ್ ಮುಖದಲ್ಲಿ ನಗು!

"ವಾಪ್ಪಾ ದಿನೇಶ್! ಕಾಲೈಲೇರ್ಂದು ತಲೆ ಸುತ್ತುದು. ಆನಾ ಪಾನಕಂ ರೊಂಬ ಪ್ರಮಾದಂ! ಇನ್ನೊರು ಟಂಬ್ಲರ್ ಕೊಂಡಾ!"

ತಲೆ ಸುತ್ತುತ್ತಿದೆಯಂತೆ, ಆದರೂ ಪಾನಕ ಬಲು ಸೊಗಸಂತೆ, ಇನ್ನೊಂದು ಲೋಟ ಬೇಕಂತೆ! ದಿನೇಶನಿಗೆ ಮೊದಲು ನೆನಪಾದದ್ದು ಬಾವಿ. ಆಮೇಲೆ ಮಾಮಿಯ ನರೆತ ತಲೆ ಕಂಡು ತನ್ನ ಬಗ್ಗೆಯೇ ಅಸಹ್ಯವಾಯಿತು. ಒಬ್ಬನ ನಗುವಿಗೆ ಉತ್ತರ ಕೊಡಲು ಹೋಗಿ ವಯಸ್ಸಾದ ಜೀವಕ್ಕೆ ಕಂಟಕ ತಂದೆನಲ್ಲ! ಮನೆ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ, ಉಯ್ಯಾಲೆಯ ಮುಂದೆ ಉದ್ದಕ್ಕೆ ಬಿದ್ದ. ಮಾಮಿಯ ಪಾದ ಹಿಡಿಯಲು ಹೋದರೆ ಉಯ್ಯಾಲೆ ಹಿಂದಕ್ಕೆ ಹೋಯಿತು. ಮುಂದಕ್ಕೆ ಬಂದಾಗ ಹಿಡಿದುಕೊಂಡ.

"ಮಾಮಿ, ಮನ್ನಿಚ್ಚುಡುಂಗೋ! ಪಾನಕದಲ್ಲಿ ವೋಡ್ಕಾ ಇದೆ! ನಾನೇ ಬೆರೆಸಿದ್ದು! ಆಸ್ಪತ್ರೆಗೆ ಹೋಗೋಣ, ಏಳಿ!"

ಉಯ್ಯಾಲೆ ನಿಂತಿತು. ಹಾಡು ನಿಂತಿತು. ಬಾಗಿಲಲ್ಲಿ ಏದುಸಿರು ಬಿಡುತ್ತ ಮೌನ ಎರಡೂ ಕೈ ಬೀಸುತ್ತಿದ್ದಳು. "ಹೇಳಬೇಡಿ! ಹೇಳಬೇಡಿ ರೀ!" ಅವಳ ಹಿಂದೆ ಪಾರಾಯಣ ಅರ್ಧಕ್ಕೆ ಬಿಟ್ಟು ಬಂದಿದ್ದ ಚಿಕ್ಕಮ್ಮ.

"ಯಾವುದರಲ್ಲಿ ಏನು ಬೆರೆಸಿದ್ಯೋ? ಆ ಡಬ್ಬಿದಾ?" ಎಂದರು ಚಿಕ್ಕಮ್ಮ. "ಅದನ್ನ ಯಾರಾದ್ರೂ ದೇವರಿಗೆ ಇಡ್ತಾರಾ? ಹಬ್ಬ ಅಂತ ಪಾಪ ಪಾನಕ ಮಾಡಿಟ್ಟಿದೀಯ ಅಂತ ಮುಚ್ಚಳ ತೆಗೆದ್ರೆ ಗಪ್ಪಂತ ಮೂಗಿಗೆ ಹೊಡೀತು. ಹಳಸಿ ಹೋಗಿದೆ ಅಂತ, ಹುಳಿ ಮಜ್ಜಿಗೆ ಸುರಿಯೋ ಹಾಗೆ ಬಾವಿ ಪಕ್ಕದ ಕರಿಬೇವಿನ ಗಿಡಕ್ಕೆ ಸುರಿದೆ. ಮಾಮಿಗೆ ಕೊಟ್ಟಿದ್ದು ಇನ್ನೊಂದು ಹಣ್ಣಿನದು, ನಾನೇ ಮಾಡಿದ್ದು. ಬೆಲ್ಲ, ಏಲಕ್ಕಿ, ಶುಂಠಿ, ಅಷ್ಟೇ."

ಹಾಗಾದರೆ ಕಣ್ಣು ಕೆಂಪಾದದ್ದು ಪೂಜೆಯ ಸಾಂಬ್ರಾಣಿ ಹೊಗೆಗೆ. ಬೆಳಿಗ್ಗೆಯಿಂದ ತಲೆ ಸುತ್ತಿದ್ದು ಉಪವಾಸಕ್ಕೆ. ಹಾಡು ರಾಮನಿಗೆ. ಡಬ್ಬಿಯದ್ದು ಗಿಡಕ್ಕೆ ಹೋದದ್ದನ್ನು ಚಿಕ್ಕಮ್ಮನ ಸನ್ನೆಯಿಂದ ತಿಳಿದೇ ಮೌನ ಓಡಿಬಂದು ಕೈ ಬೀಸಿದ್ದು. ದಿನೇಶ ಪಾದ ಹಿಡಿದುಕೊಂಡೇ ಇದ್ದ, ಬಿಡಲು ಧೈರ್ಯವಿರಲಿಲ್ಲ.

"ಅದೇನಪ್ಪಾ ಅದು, ವೋಡ್ಕಾ ಅಂದ್ರೆ?" ಎಂದು ಚಿಕ್ಕಮ್ಮ ಕೇಳಿದರು.

"ಸಾರಾಯಂ!" ಎಂದರು ಮಾಮಿ. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ನಾಳೈಕ್ಕೇ ವೀಟ್ಟೈ ಕಾಲಿ ಪಣ್ಣು!" ಎಂದು ಮಾಮಿ ಎದ್ದು ನಿಂತರು. ನಾಳೆಯೇ ಮನೆ ಖಾಲಿ ಮಾಡಬೇಕು ಎಂದದ್ದೇ ಮೌನಳ ಕಣ್ಣಲ್ಲಿ ನೀರು ತುಂಬಿತು. ಆಗ ಚಿಕ್ಕಮ್ಮ ಮುಂದೆ ಬಂದರು.

"ಮಾಮಿ, ಇವನು ಶುದ್ಧ ಕತ್ತೆ, ಒಪ್ಪಿದೆ. ಆದ್ರೆ ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿಮ್ಮ ಜೀವಕ್ಕೆ ಹೆದರಿ ತಾನಾಗೇ ಬಂದು ಕಾಲಿಗೆ ಬಿದ್ದಿದಾನೆ, ನೋಡಿ."

ಮಾಮಿ ಯೋಚಿಸಿದರು. ಚೊಂಬಿನ ತಳದಲ್ಲಿ ಉಳಿದಿದ್ದ ಪಾನಕವನ್ನು ನಿಧಾನವಾಗಿ ಕುಡಿದು ಮುಗಿಸಿದರು. ಆಮೇಲೆ ತಮಿಳಿನಲ್ಲಿ ಕೊಟ್ಟ ತೀರ್ಪಿನ ಸಾರಾಂಶ ಇಷ್ಟು: ಈ ಮನೆಯಲ್ಲಿ ಚಿಕ್ಕಮ್ಮ ಇರುವ ತನಕ ದಿನೇಶನೂ ಇರಬಹುದು. ಚಿಕ್ಕಮ್ಮ ಹೊರಟ ದಿನ ಅವನೂ ಹೊರಡತಕ್ಕದ್ದು!

ಮಧ್ಯಾಹ್ನ ಪ್ರವೀಣ ಬಂದ. ಚಿಕ್ಕಮ್ಮನೇ ಅವನಿಗೆ ಲೋಟ ತುಂಬಿ ಕೊಟ್ಟರು. ಒಂದೇ ಗುಟುಕಿಗೆ ಅರ್ಧ ಇಳಿಸಿ ಅವನು ಕಣ್ಣರಳಿಸಿದ. "ಭಾರೀ ಕಿಕ್ ಉಂಟಲ್ಲ ಮಾರಾಯ! ಎಂತ ಹಾಕಿದ್ದು?"

"ಶುಂಠಿ," ಎಂದ ದಿನೇಶ, ನೆಲ ನೋಡುತ್ತ.

ಒಳಗಿನಿಂದ ಚಿಕ್ಕಮ್ಮನ ದನಿ ಬಂತು: "ದಿನೇಶಾ, ನಾಳೆ ಆಫೀಸಿಗೆ ಹೋಗ್ತಾ ನನ್ನ ಮೈಸೂರು ಟಿಕೆಟ್ ಕ್ಯಾನ್ಸಲ್ ಮಾಡಿಸಪ್ಪ. ಹಾಗೇ ಬರ್ತಾ ನನಗೊಂದು ಮಂಚ ತಗೊಂಡು ಬಾ!"