ಹಿಪ್ಪುನೇರಳೆ ತೋಟದ ಬೇಹುಗಾರ

ಪಲ್ಟನ್ನಿನ ಬೇಹು ದಳದಿಂದ ಕುದೇರಿಗೆ ಮರಳಿದ ಮೇಲೆ ಊರಲ್ಲಿ ನನ್ನ ಮಾತಿಗೆ ಭಾರಿ ಬೆಲೆ ಬಂತು. ಸೈನ್ಯಕ್ಕಿಂತ ಮುಂಚೆ ಶತ್ರುವಿನ ನೆಲಕ್ಕೆ ನುಸುಳಿ, ಒಂದು ಗುಂಡೂ ಹಾರಿಸದೆ, ಯಾರ ಕಣ್ಣಿಗೂ ಬೀಳದೆ ಎಲ್ಲವನ್ನೂ ನೋಡಿಕೊಂಡು ಬರುವ ಆಯ್ದ ಗಂಡುಗಳ ದಳ ಅದು! ನಾನು ಆ ಗಂಡುಗಳಿಗೆ ಅನ್ನ ಬೇಯಿಸುತ್ತಿದ್ದೆ. ಬಡಿಸುವಾಗ ಅವರ ಮಾತು ಕೇಳಿ ಕೇಳಿಯೇ ವಿದ್ಯೆಯೆಲ್ಲ ನನಗೂ ಬಂದಿದೆ ಎಂದು ದೃಢವಾಗಿ ನಂಬಿದ್ದೆ.

ಆಗ ತಂಗಿ ಗೌರಿಗೆ ಉಡಿಗಾಲದಿಂದ ಸಂಬಂಧ ಬಂತು. ಮನೆತನ ಚೆನ್ನಾಗಿತ್ತು. ಆದರೆ ಹುಡುಗ ಮಹಾ ಮುಂಗೋಪಿ, ಕೈ ಮಾಡುತ್ತಾನೆ ಎಂದು ಯಾರೋ ಕಿವಿಗೆ ಹಾಕಿದರು. ಅಪ್ಪ ಇಲ್ಲದ ಹುಡುಗಿ. ನನಗೆ ಊಟ ಸೇರಲಿಲ್ಲ.

"ಬಾಗ್ಲಲ್ಲೇ ಓಗಿ, ಒಂದ್ಲೋಟ ಮಜ್ಜಿಗೆ ಕುಡ್ದು, ಉಡ್ಗುನ್ನ ಮಾತಾಡುಸ್ಕಂಡು ಬನ್ನಿ," ಎಂದಳು ಹೆಂಡತಿ ಪುಟ್ಟಮ್ಮ.

"ನಿಂಗೇನ್ ಗೊತ್ತು ಸುಮ್ಕಿರಮ್ಮಿ! ನೆಂಟ್ರ ಮುಂದೆ ಎಲ್ರೂ ಸಾಧುಗಳೇಯ. ಗುಟ್ಟಾಗ್ ನೋಡ್ಬೇಕು!"

ಹುಡುಗನ ಮನೆಯ ಹಿತ್ತಲಿಗೆ ಅಂಟಿಕೊಂಡೇ ಅವರ ಹಿಪ್ಪುನೇರಳೆ ತೋಟ. ಬೆಳಿಗ್ಗೆಯೇ ನುಸುಳಿ, ಮೈಗೂ ತಲೆಗೂ ಅದೇ ಸೊಪ್ಪು ಕಟ್ಟಿಕೊಂಡು, ಸಾಲಿನ ನಡುವೆ ಕುಕ್ಕರಗಾಲಲ್ಲಿ ಕುಳಿತೆ. ಸಾಕ್ಷಾತ್ ಗಿಡ! ಆದರೆ ಕಿತ್ತ ಸೊಪ್ಪು ಬಿಸಿಲಿಗೆ ಬಾಡುತ್ತದೆ ಎಂಬುದನ್ನು ನನ್ನ ಯುದ್ಧತಂತ್ರ ಪರಿಗಣಿಸಿರಲಿಲ್ಲ. ಮನೆಯೊಳಗಿನ ರೇಷ್ಮೆ ಹುಳುಗಳಿಗೆ ಮಧ್ಯಾಹ್ನವೂ ಹಸಿವಾಗುತ್ತದೆ ಎಂಬುದನ್ನಂತೂ ಇಲ್ಲವೇ ಇಲ್ಲ!

ಸೊಪ್ಪು ಕೊಯ್ಯಲು ಹುಡುಗನ ತಾಯಿ ಮಂಕರಿ ಹಿಡಿದು ಬಂದರು, ಹಿಂದೆಯೇ ಹುಡುಗ. ಆಕೆ ನನ್ನೆದುರೇ ನಿಂತರು.

"ಅಯ್ಯೋ ಮಾದೇವ! ಸಾಲೆಲ್ಲಾ ಅಸ್ರಾಗಿ ಅದೆ, ಇದೊಂದ್ ಗಿಡ ಒಣಗೋಗಿ ಅದಲ್ಲ! ರೋಗ ಕಣ್ಲಾ. ಬುಡ ಸಮೇತ ಕಿತ್ತಾಕು!"

ಹುಡುಗ ಬಗ್ಗಿ, ಸೊಪ್ಪಿನ ಜೊತೆಗೆ ನನ್ನ ತಲೆಗೂದಲನ್ನೂ ಸೇರಿಸಿ ಹಿಡಿದು ಜಗ್ಗಿದ. ಎಂಥ ಹಿಂಸೆಯಲ್ಲೂ ಬೇಹುಗಾರ ಬಾಯಿ ಬಿಡಬಾರದು. ನಾನು ಬಿಟ್ಟೆ. ಉಡಿಗಾಲದ ನಾಯಿಗಳೆಲ್ಲ ಉತ್ತರ ಕೊಡುವಷ್ಟು ಬಿಟ್ಟೆ!

"ಸೊಪ್ಪುಗಳ್ಳ! ಇಡ್ಕಳ್ರಲಾ!" ಎಂದು ತಾಯಿ ಕೂಗಿದ್ದೇ ತಡ, ಅಕ್ಕಪಕ್ಕದವರು ದೊಣ್ಣೆ ಹಿಡಿದು ಬಂದರು. ಹುಡುಗ ಅಡ್ಡ ನಿಂತ.

"ಒಡೀಬ್ಯಾಡಿ ಬುಡಿ, ಪಾಪ. ಏನ್ ಕಷ್ಟವೋ ಏನೋ. ಯಾರಣ್ಣ ನೀನು?"

"ನಾನು... ಕುದೇರು ಗೌರಿ ಅಣ್ಣ."

ದೊಣ್ಣೆಗಳೆಲ್ಲ ಕೆಳಗಿಳಿದವು. ಆಮೇಲೆ ತೋಟವೇ ನಕ್ಕಿತು. ಹುಡುಗ ಮಾತ್ರ ನಗು ನುಂಗಿಕೊಂಡು ನೀರು ತಂದುಕೊಟ್ಟ. "ತಲೆ ಬೋ ನೋಯ್ತಾ ಬಾವ?" ಎನ್ನುತ್ತಾ ನನ್ನ ಕೂದಲಿನಿಂದ ಕಡ್ಡಿ ಆಯತೊಡಗಿದ. ನನಗೆ ಅಳುವೇ ಬಂತು. ಇವನಿಗೆ ತಂಗಿಯನ್ನು ಕಣ್ಣು ಮುಚ್ಚಿಕೊಂಡು ಕೊಡಬಹುದಿತ್ತು. ಆದರೆ ಇಂಥ ಅಣ್ಣನಿರುವ ಮನೆಯಿಂದ ಅವರು ಹೆಣ್ಣು ತರುತ್ತಾರೆಯೇ?

ಮುಂದಿನ ಸೋಮವಾರ ಹುಡುಗನ ತಾಯಿ ನಮ್ಮ ಮನೆಗೆ ಬಂದರು. ಗೌರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರು. ಹೊರಡುವಾಗ ಅವಳ ಮುಡಿಗೆ ಹೂ ಮುಡಿಸಿ, ಪುಟ್ಟಮ್ಮನಿಗೆ ಹೇಳಿದರು:

"ಉಡ್ಗಿ ನಮ್ಗೆ ಒಪ್ಗೆ ಕಣವ್ವ. ಒಂದೇ ಮಾತು. ಮದ್ವೆ ದಿನ ನಿನ್ ಗಂಡುನ್ನ ಅಸ್ರು ಚಪ್ರದತ್ರ ಬುಡ್ಬ್ಯಾಡ. ಆಮ್ಯಾಕೆ ಧಾರೆ ಒತ್ತಿಗೆ ಎಲ್ಲೀಂತ ಉಡ್ಕಾದು!"

ಗೌರಿ ಬಿದ್ದು ಬಿದ್ದು ನಕ್ಕಳು. ಕದದ ಹಿಂದೆ ಉಸಿರು ಬಿಗಿಹಿಡಿದು ಅಡಗಿದ್ದ ನನಗೆ ಜೀವ ಬಂದಂತಾಯಿತು.

ಆಕೆ ನೇರವಾಗಿ ಕದದತ್ತ ತಿರುಗಿದರು.

"ಕೇಳುಸ್ತೇನಪ್ಪಾ?"